ಅವ್ವನ ಬಾಯಲ್ಲಿ ಬಾರದ ಹೆಸರು

ನನಗೊಂದು ಹೆಸರಿದೆ. ಅದರಲ್ಲೇನು ಹೆಚ್ಚುಗಾರಿಕೆ, ಪಕ್ಕದ ಮನೆಯ ಎಮ್ಮೆಗೂ ಇದೆ ಎನ್ನುತ್ತೀರಿ. ನಿಜ. ಆದರೆ ಆ ಎಮ್ಮೆಯನ್ನು ನಮ್ಮವ್ವ ದಿನಾ ಬೆಳಗ್ಗೆ ‘ಗೌರೀ’ ಎಂದು ಬಾಯ್ತುಂಬ ಕರೆದು ರೊಟ್ಟಿಯ ಚೂರು ತಿನ್ನಿಸುತ್ತಾಳೆ. ಅರವತ್ತು ದಾಟಿದ ನನ್ನನ್ನು, ಹೊಟ್ಟೆಯಲ್ಲಿ ಹೊತ್ತು ಹೆತ್ತ ಮಗನನ್ನು, ಇದುವರೆಗೆ ಒಂದೇ ಒಂದು ಸಲವೂ ಹೆಸರು ಹಿಡಿದು ಕರೆದಿಲ್ಲ. ಎಮ್ಮೆಯ ಮೇಲೆ ಹೊಟ್ಟೆಕಿಚ್ಚುಪಡುವ ಗಂಡಸು ನಾನೊಬ್ಬನೇ ಇರಬೇಕು.

ಅವ್ವನಿಗೆ ನನ್ನ ಮೇಲೆ ಸಿಟ್ಟಿದೆ ಎಂದುಕೊಳ್ಳಬೇಡಿ. ತಪ್ಪು ನನ್ನ ಅಜ್ಜನದು. ನಮ್ಮ ಕಡೆ ಗಂಡು ಕೂಸು ಹುಟ್ಟಿತೆಂದರೆ ತೀರಿಹೋದ ಹಿರಿಯರ ಹೆಸರಿಡುವುದು ವಾಡಿಕೆ. ಹಾಗೆ ಇಟ್ಟರೆ ಸತ್ತವರು ತಿರುಗಿ ಮನೆಗೆ ಬಂದಂತೆ. ನನ್ನ ಅಪ್ಪನ ಅಪ್ಪ ಮಂಗಳಪ್ಪ, ನಾನು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ತೀರಿಕೊಂಡಿದ್ದ. ಆದ್ದರಿಂದ ನಾನು ಮಂಗಳಪ್ಪನಾದೆ. ಇಲ್ಲಿಯವರೆಗೆ ಸರಿ. ಆದರೆ ನಮ್ಮಲ್ಲಿ ಇನ್ನೊಂದು ವಾಡಿಕೆಯೂ ಇದೆ. ಸೊಸೆಯಾದವಳು ಗಂಡನ ಹೆಸರು, ಅತ್ತೆ ಮಾವನ ಹೆಸರು ಬಾಯಲ್ಲಿ ಹೇಳಬಾರದು. ಈ ಎರಡು ವಾಡಿಕೆಗಳು ಬೇರೆಬೇರೆ ಓಣಿಯಲ್ಲಿ ಓಡಾಡಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಮನೆಯ ತೊಟ್ಟಿಲ ಮುಂದೆ ಎದುರುಬದುರಾಗಿ ಡಿಕ್ಕಿ ಹೊಡೆದವು. ಮಾವನ ಹೆಸರು ಮಗನಿಗೆ ಬಂತು, ಮಗನ ಹೆಸರು ತಾಯಿಯ ಬಾಯಿಂದ ಹೋಯಿತು. ಅವ್ವ ಆ ಮಾವನ ಮುಖವನ್ನೂ ನೋಡಿದವಳಲ್ಲ! ನೋಡದ ಮನುಷ್ಯನಿಗೆ ಇಷ್ಟೊಂದು ಮರ್ಯಾದೆ, ಕಣ್ಣೆದುರಿಗೇ ಓಡಾಡುವ ನನಗೆ ಹೆಸರಿಲ್ಲ.

ಹಾಗಾದರೆ ಕರೆಯುತ್ತಿದ್ದುದು ಹೇಗೆ? ಮೊದಲು ‘ಏ ಕೂಸಾ’ ಆಗಿದ್ದೆ. ಆಮೇಲೆ ‘ನಮ್ಮ ಹುಡುಗ’ ಆದೆ. ತಂಗಿ ಹುಟ್ಟಿದ ಮೇಲೆ ‘ದೊಡ್ಡಾವ’ ಆದೆ. ಮದುವೆಯಾದ ಮೇಲೆ ‘ಇವರು ಎಲ್ಲಿ ಹೋದ್ರು’ ಎಂದು ಹೆಂಡತಿಯೂ, ‘ಇವ ಎಲ್ಲಿ ಹೋದ’ ಎಂದು ತಾಯಿಯೂ ಕೇಳುವಂತಾಗಿ, ಮನೆಯಲ್ಲಿ ನಾನೊಂದು ಸರ್ವನಾಮವಾಗಿ ಉಳಿದೆ. ತಂಗಿಗೆ ಯಾವ ಹಿರಿಯರ ಹೆಸರೂ ಅಂಟಿರಲಿಲ್ಲ. ಶಾಂತಾ! ಹಗುರಾದ ಹೆಸರು, ಕರೆಯುವುದಕ್ಕೇ ಹುಟ್ಟಿದ ಹೆಸರು. ‘ಶಾಂತಾ ನೀರು ತಾ, ಶಾಂತಾ ಜಡಿ ಹಾಕ್ತೀನಿ ಬಾ, ಶಾಂತಾ ನಿಮ್ಮಣ್ಣನ್ನ ಕರಿ.’ ನನ್ನನ್ನು ಕರೆಯಲಿಕ್ಕೂ ಶಾಂತಾಳನ್ನೇ ಕರೆಯಬೇಕು. ಅವಳೋ ನನ್ನ ಹೆಸರನ್ನು ಬೇಕೆಂದೇ ಎಳೆದೆಳೆದು ಕೂಗುತ್ತಿದ್ದಳು. ನನಗಿಲ್ಲದ ಸುಖ ತನಗಿದೆ ಎಂದು ಅವಳಿಗೆ ಆಗಲೇ ಗೊತ್ತಿತ್ತು, ಕಳ್ಳಿ.

ಒಮ್ಮೆ ಗಂಗಾವತಿಯ ಸಂತೆಯಲ್ಲಿ ತಪ್ಪಿಸಿಕೊಂಡೆ. ಆಗಿನ್ನೂ ಶಾಲೆಗೆ ಹಚ್ಚಿರಲಿಲ್ಲ. ಅವ್ವ ಶಾಂತಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಳೆ ಆರಿಸುತ್ತಿದ್ದಳು. ನಾನು ಒಂದು ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಗುಡ್ಡ ನೋಡಿ ಮರುಳಾಗಿ ಹೋದೆ. ಸ್ವಲ್ಪ ಹೊತ್ತಿಗೆ ಅವ್ವನ ದನಿ ಕೇಳಿಸಿತು. ‘ಶಾಂತಾ! ಏ ಶಾಂತಾ!’ ಹೆಸರು ಕೂಗುವಂತಿಲ್ಲ, ದನಿಯನ್ನಾದರೂ ಮಗ ಗುರುತು ಹಿಡಿಯಲಿ ಎಂದು ಆ ತಾಯಿ ಸೊಂಟದ ಮೇಲಿನ ಕೂಸಿನ ಹೆಸರನ್ನೇ ಸಂತೆಯೆಲ್ಲ ಕೂಗುತ್ತ ತಿರುಗುತ್ತಿದ್ದಳು. ಬಳೆಗಾರ ‘ಯಾರ್‍ರಿ ತಂಗಿ ಶಾಂತಾ?’ ಅಂದನಂತೆ. ‘ಇಕಿರಿ’ ಎಂದು ಸೊಂಟ ತೋರಿಸಿದಳಂತೆ. ಅವನು ಇವಳ ತಲೆ ಕೆಟ್ಟಿದೆ ಎಂದುಕೊಂಡು ಬಳೆಯ ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡ. ಅತ್ತ ನಾನೇನು ಮಾಡಿದೆ? ಕಳೆದುಹೋದವನು ನಾನು, ಹುಡುಕುತ್ತಿರುವುದು ಶಾಂತಾಳನ್ನು ಎಂದು ಸಿಟ್ಟು ನೆತ್ತಿಗೇರಿ, ಹೊಟ್ಟಿನ ಗುಡ್ಡದ ಹಿಂದೆ ಇನ್ನಷ್ಟು ಒಳಗೆ ಸರಿದು ಕೂತೆ. ಕೊನೆಗೆ ಸಿಕ್ಕಾಗ ಬೆನ್ನಿಗೆ ಎರಡು ಬಿದ್ದವು, ಆಮೇಲೆ ಅಪ್ಪಿಕೊಂಡು ಅತ್ತಳು. ಹೊಡೆತ, ಅಳು ಎಲ್ಲ ಸಿಕ್ಕಿತು, ಹೆಸರು ಸಿಗಲಿಲ್ಲ.

ಹೆಸರು ಬಿಟ್ಟರೆ ಮುಗಿಯಿತೇ? ಹೆಸರಿನ ಬಾಲ ಎಲ್ಲೆಲ್ಲಿ ಸಿಕ್ಕಿಕೊಂಡಿದೆಯೋ ಅದನ್ನೂ ಬಿಡಬೇಕು. ಅವ್ವನ ವಾರದಲ್ಲಿ ಮಂಗಳವಾರವೇ ಇಲ್ಲ. ‘ಸೋಮವಾರದ ಮರುದಿನ’ ಇದೆ. ದೇವರಿಗೆ ಮಂಗಳಾರತಿ ಇಲ್ಲ, ಬರೀ ಆರತಿ. ಇದಕ್ಕಿಂತ ದೊಡ್ಡ ಪಜೀತಿ ಎಂದರೆ ಅವಳ ತವರೂರು ಮಂಗಳೂರು. ಸಮುದ್ರದ ದಂಡೆಯದಲ್ಲ, ಯಲಬುರ್ಗಾ ಸೀಮೆಯ ನಮ್ಮ ಮಂಗಳೂರು. ಬಸ್ಸಿನಲ್ಲಿ ಕಂಡಕ್ಟರು ‘ಎಲ್ಲಿಗಬೇ ಯವ್ವಾ’ ಎಂದರೆ ‘ನಮ್ಮ ತವರಮನಿಗಪ್ಪಾ’ ಎನ್ನುವಳು. ಅವನಿಗೆ ಎಲ್ಲರ ತವರುಮನೆ ತಿಳಿದುಕೊಂಡು ಟಿಕೀಟು ಹರಿಯಲು ಬರುತ್ತದೆಯೇ? ಸಾಲದ್ದಕ್ಕೆ ನನ್ನ ಅಪ್ಪನ ಹೆಸರು ಶರಣಪ್ಪ. ಬೀದಿಯಲ್ಲಿ ಎದುರಾದವರು ‘ಶರಣ್ರೀ ಅಮ್ಮಾರ’ ಎಂದು ಕೈಮುಗಿದರೆ ಅವ್ವನಿಗೆ ತಿರುಗಿ ಶರಣೆನ್ನಲೂ ಬಾರದು. ‘ಹ್ಞೂಂ, ನಿಮಗೂ’ ಎನ್ನುತ್ತಾಳೆ. ಹೊಸಬರು ಮುದುಕಿಗೆ ಸೊಕ್ಕು ಎಂದುಕೊಂಡಿದ್ದೂ ಉಂಟು.

ನಾನು ಕುಷ್ಟಗಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನು. ಇಡೀ ದಿನ ಡಾಕ್ಟರರ ಚೀಟಿಯ ಮೇಲೆ ಜನರ ಹೆಸರು ಓದುವುದೇ ಕೆಲಸ. ಓದಿ ಓದಿ ನನಗೆ ಗೊತ್ತಾದದ್ದು, ನಮ್ಮ ಜನ ಹೆಸರಿಡುವುದು ಕರೆಯಲಿಕ್ಕೆ ಮಾತ್ರವಲ್ಲ, ದೇವರನ್ನು ಮೋಸಗೊಳಿಸಲಿಕ್ಕೂ ಹೌದು. ಹುಟ್ಟಿದ ಕೂಸುಗಳು ಉಳಿಯದಿದ್ದರೆ ಮುಂದಿನದನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ ಎಂದು ಹೆಸರಿಡುತ್ತಾರೆ. ತಿಪ್ಪೆಯ ಸಾಮಾನು ಯಮನಿಗೆ ಯಾಕೆ ಬೇಕು ಎಂಬ ಲೆಕ್ಕ. ಕಲ್ಲಪ್ಪ, ಗುಂಡಪ್ಪ, ಅಡಿವೆಪ್ಪ ಎಲ್ಲ ಅದೇ ಯುಕ್ತಿಯ ಮಕ್ಕಳು. ದರ್ಗಾಕ್ಕೆ ಹರಕೆ ಹೊತ್ತು ಹುಟ್ಟಿದವನು ಹುಸೇನಪ್ಪ. ಅವನ ಹಣೆಯಲ್ಲಿ ವಿಭೂತಿ, ಹೆಸರಿನಲ್ಲಿ ಹುಸೇನ. ಇಬ್ಬರಿಗೂ ಇದುವರೆಗೆ ಜಗಳ ಬಂದಿಲ್ಲ. ಕೊಪ್ಪಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಗವಿಸಿದ್ಧಪ್ಪಾ’ ಎಂದು ಕೂಗಿ ನೋಡಿ. ಅರ್ಧ ಬಸ್‌ಸ್ಟ್ಯಾಂಡು ತಿರುಗಿ ನೋಡುತ್ತದೆ, ಉಳಿದರ್ಧ ಅವರ ಅಣ್ಣತಮ್ಮಂದಿರು.

ಇಷ್ಟು ಕಷ್ಟಪಟ್ಟು ಇಟ್ಟ ಹೆಸರನ್ನು ಇಡಿಯಾಗಿ ಕರೆಯುತ್ತೇವೆಯೇ? ಅದೂ ಇಲ್ಲ. ಬಸವರಾಜ ಬಸ್ಯಾ ಆಗುತ್ತಾನೆ, ಮಲ್ಲಿಕಾರ್ಜುನ ಮಲ್ಲ್ಯಾ ಆಗುತ್ತಾನೆ. ನಮ್ಮ ಕಡೆ ಪ್ರೀತಿ ಹೆಚ್ಚಾದಷ್ಟೂ ಹೆಸರಿಗೆ ಕತ್ತರಿ ಬೀಳುತ್ತದೆ. ನನ್ನ ಗತಿ ಯೋಚಿಸಿ. ಓಣಿಯ ಗೆಳೆಯರಿಗೆ ನಾನು ಇಂದಿಗೂ ಮಂಗ್ಯಾ. ಅಂಗಡಿಯಲ್ಲಿ ಗಿರಾಕಿಗಳು ‘ಮಂಗಳಪ್ಪನೋರ’ ಎಂದು ಬಹುವಚನದಲ್ಲಿ ಮಾತಾಡಿಸುವಾಗ ಗೆಳೆಯನೊಬ್ಬ ಬಂದು ‘ಏ ಮಂಗ್ಯಾ, ಒಂದ ತಲಿನೋವಿನ ಗುಳಿಗಿ ಒಗಿ’ ಎಂದರೆ ಬಹುವಚನ ಬಾಲ ಮುದುರಿಕೊಂಡು ಹೋಗುತ್ತದೆ. ಬ್ಯಾಂಕಿಗೆ ವರ್ಗವಾಗಿ ಬಂದ ಉತ್ತರ ಭಾರತದ ಕಡೆಯ ಸಾಹೇಬರಿಗಂತೂ ನಾನು ಮಿಸ್ಟರ್ ಮಂಗಲ್. ಊರೆಲ್ಲ ತಮಗೆ ತೋಚಿದಂತೆ ನನ್ನ ಹೆಸರನ್ನು ಹಿಂಡಿ ಹಿಪ್ಪೆ ಮಾಡಿದ್ದಾರೆ. ಮುಟ್ಟದೆ ಬಿಟ್ಟವಳು ಒಬ್ಬಳೇ.

ಹೆಸರು ಹೇಳದಿರುವ ಈ ರೋಗ ಅವ್ವನೊಬ್ಬಳದೇ ಅಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನಾನು ಓದಿಯೂ ನೋಡಿದ್ದೇನೆ. ಕೊಪ್ಪಳದ ಗುಡ್ಡದ ಬಂಡೆಗಳ ಮೇಲೆ ಅಶೋಕನ ಕಾಲದ ಬರಹವಿದೆಯಲ್ಲ, ಅದರಲ್ಲಿ ಅಶೋಕನ ಹೆಸರೇ ಇಲ್ಲ! ದೇವರಿಗೆ ಪ್ರಿಯನಾದವನು ಹೀಗೆ ಹೇಳುತ್ತಾನೆ ಎಂದಿದೆ, ಅಷ್ಟೆ. ಹೆಸರು ಬೇಕೆಂದರೆ ಮಸ್ಕಿಯ ಬಂಡೆಯ ತನಕ ಹೋಗಬೇಕು. ಓದಿದಾಗ ನನಗೆ ಭಾಳ ಖುಷಿಯಾಯಿತು. ಕೊಪ್ಪಳದ ಕಲ್ಲು ಕೂಡ ನಮ್ಮ ಹೆಣ್ಣುಮಕ್ಕಳ ಹಾಗೆ ಯಜಮಾನರ ಹೆಸರು ಹೇಳದೆ ‘ಅವರು ಹೀಂಗ ಅಂದ್ರು’ ಎನ್ನುತ್ತದೆ. ಆದರೆ ಚಕ್ರವರ್ತಿಯ ತಾಯಿ ಅವನನ್ನು ಏನೆಂದು ಕರೆಯುತ್ತಿದ್ದಳು ಎಂದು ಯಾವ ಬಂಡೆಯೂ ಹೇಳುವುದಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ.

ಇಷ್ಟು ದಿನ ಇಲ್ಲದ ಈ ಚಡಪಡಿಕೆ ಈಗ ಯಾಕೆ ಎನ್ನುತ್ತೀರಿ. ಹೋದ ಚಳಿಗಾಲದಲ್ಲಿ ಅವ್ವನಿಗೆ ಜ್ವರ ಬಂತು. ಮೈ ಕೆಂಡದಂತೆ ಸುಡುತ್ತಿತ್ತು, ಏನೇನೋ ಬಡಬಡಿಸುತ್ತಿದ್ದಳು. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಪಕ್ಕದಲ್ಲೇ ಕೂತಿದ್ದೆ. ತನ್ನ ಅವ್ವನನ್ನು ಕರೆದಳು, ಶಾಂತಾಳನ್ನು ಕರೆದಳು, ನನಗೆ ಗುರುತಿಲ್ಲದ ಯಾರುಯಾರನ್ನೋ ಕರೆದಳು, ಗೌರಿ ಎಮ್ಮೆಗೆ ರೊಟ್ಟಿ ಹಾಕಿದಿರಾ ಎಂದು ಕೇಳಿದಳು. ನಾನು ಕಿವಿಯನ್ನು ಅವಳ ಬಾಯಿಗೆ ಹಚ್ಚಿ ಕೂತೆ. ಪ್ರಜ್ಞೆ ತಪ್ಪಿದವಳಿಗೆ ಆಚಾರ ಎಲ್ಲಿ ನೆನಪಿರುತ್ತದೆ, ಈಗಲಾದರೂ ಬಂದೀತು ಎಂದು. ಬರಲಿಲ್ಲ. ಜ್ವರ ಇಳಿಯಿತು, ನನಗೆ ಮಾತ್ರ ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ. ಅವ್ವನಿಗೆ ವಯಸ್ಸಾಗಿದೆ. ಇದೊಂದು ಕೇಳದೆ ಅವಳನ್ನು ಕಳಿಸಿಕೊಡುವುದು ಹೇಗೆ? ಅಂಗಡಿಯಲ್ಲಿ ಕೂತರೆ ಮನೆಗೆ ಹೋಗೋಣ ಎನ್ನಿಸುತ್ತಿತ್ತು, ಮನೆಗೆ ಬಂದರೆ ಅವಳ ಮುಂದೆ ಸುಮ್ಮನೆ ಸುತ್ತುತ್ತಿದ್ದೆ. ‘ಯಾಕ ಹಂಗ ಸುಟ್ಟ ಬೆಕ್ಕಿನಂಗ ಅಡ್ಡಾಡ್ತಿ?’ ಎಂದು ಬೈಯುತ್ತಿದ್ದಳು. ಬೈಗುಳದಲ್ಲೂ ಹೆಸರಿಲ್ಲ.

ಕೊನೆಗೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ‘ಅವ್ವಾ, ಒಂದ ಸಲ ನನ್ನ ಹೆಸರ್ಹಿಡದು ಕರಿಯಬೇ.’

‘ಹುಚ್ಚ ಹಿಡದೈತೇನಪಾ ನಿನಗ? ಹಿರ್‍ಯಾರ ಹೆಸರ ಹೇಳಿ ಈ ವಯಸ್ಸಿನ್ಯಾಗ ನಾಲಿಗಿ ಹೊಲಸ ಮಾಡ್ಕೊಳ್ಳಲೇನು?’

ನೇರ ದಾರಿ ಮುಚ್ಚಿತು. ಓಣಿ ದಾರಿ ಹಿಡಿದೆ. ಪಿಂಚಣಿಗೆ ಹೆಬ್ಬೆಟ್ಟು ಒತ್ತಿಸಲು ಕರೆದುಕೊಂಡು ಹೋದಾಗ ಅಲ್ಲಿನ ಪರಿಚಯದ ಗುಮಾಸ್ತನಿಗೆ ಮೊದಲೇ ಹೇಳಿಟ್ಟೆ. ಅವನು ಮುಖ ಗಂಟುಹಾಕಿಕೊಂಡು, ‘ಅಜ್ಜೀ, ಮಗನ ಹೆಸರು ನೀವ ಹೇಳಬೇಕ್ರಿ, ಸರಕಾರದ ರೂಲ್ ಐತ್ರಿ’ ಎಂದ. ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ‘ಮಗ ಇಲ್ಲೇ ನಿಂತಾನಲ್ಲೋ ತಮ್ಮಾ, ಅವನ್ನ ಕೇಳು. ಅವಗೂ ಬಾಯಿ ಕೊಟ್ಟಾನ ದೇವರು’ ಎಂದಳು. ಸರಕಾರ ಸೋತಿತು.

ಇಷ್ಟರಲ್ಲಿ ನನ್ನ ಮಗ ಪ್ರವೀಣನಿಗೆ ಗಂಡು ಮಗು ಹುಟ್ಟಿತು. ಪ್ರವೀಣ ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ನೋಡುತ್ತಾನೆ. ಸೊಸೆ ಅಶ್ವಿನಿ ಅವನನ್ನು ಅಡುಗೆಮನೆಯಿಂದಲೇ ‘ಪ್ರವೀಣ್, ಹಾಲು ಇಳಸು’ ಎಂದು ಕೂಗುವವಳು. ಮೊದಲ ಸಲ ಕೇಳಿದಾಗ ಅವ್ವ ಕೈಲಿದ್ದ ತಟ್ಟೆ ಬಿಟ್ಟಿದ್ದಳು. ಆಮೇಲಾಮೇಲೆ ಅವಳು ಕೂಗಿದಾಗಲೆಲ್ಲ ಅವ್ವನ ಮುಖದಲ್ಲಿ ಒಂದು ನಗೆ ಬಂದು ಹೋಗುವುದನ್ನು ನಾನು ನೋಡುತ್ತಿದ್ದೆ. ಅದು ಅಶ್ವಿನಿಯ ಧೈರ್ಯಕ್ಕೆ ಬಂದ ನಗೆ ಎಂದುಕೊಂಡಿದ್ದೆ.

ಹುಟ್ಟಿದ ಮಗುವಿಗೆ ಹೆಸರು ಹುಡುಕುವ ಗದ್ದಲ ಶುರುವಾಯಿತು. ಗಂಡ ಹೆಂಡತಿ ಫೋನಿನಲ್ಲಿ ಮುಖ ಹುದುಗಿಸಿ ಕೂತರು. ರಿಯಾಂಶ್, ಕಿಯಾನ್, ವಿವಾನ್. ಅವರು ಓದುತ್ತಿದ್ದರೆ ನನ್ನ ಕೈ ತಾನಾಗಿ ಅಂಗಡಿಯ ಖಾನೆ ಹುಡುಕುತ್ತಿತ್ತು. ಊಟಕ್ಕೆ ಮೊದಲೋ ಊಟದ ಮೇಲೋ ಎಂದು ಕೇಳಬೇಕೆನ್ನಿಸುವಂಥ ಹೆಸರುಗಳು. ಅತ್ತ ಯಲಬುರ್ಗಾದಿಂದ ಶಾಂತಾ ಫೋನು ಮಾಡಿದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಪ್ರವೀಣನಿಗೆ ಅಕ್ಕತಂಗಿಯರಿಲ್ಲದ್ದರಿಂದ ಅದು ಶಾಂತಾಳಿಗೆ ಬಂದಿತ್ತು. ‘ಅಪ್ಪನ ಹೆಸರ ಇಡಬೇಕು. ಇಲ್ಲಂದ್ರ ನಾ ಕಿವ್ಯಾಗ ಹೇಳಂಗಿಲ್ಲ, ನೀವs ಹೇಳ್ಕೋರಿ’ ಎಂದಳು. ನನಗೂ ಅದೇ ಸರಿಯೆನ್ನಿಸಿತು. ತೀರಿಹೋದ ಅಪ್ಪ ತಿರುಗಿ ಮನೆಗೆ ಬರುವುದು ಬೇಡವೆಂದು ಯಾವ ಮಗ ಹೇಳುತ್ತಾನೆ? ಮಾತಾಯಿತು, ಚರ್ಚೆಯಾಯಿತು, ಒಪ್ಪಂದವಾಯಿತು. ಕಾಗದದ ಮೇಲೆ ಶರಣಪ್ಪ, ಮನೆಯಲ್ಲಿ ರಿಯಾಂಶ್. ಎಲ್ಲರೂ ನಿಟ್ಟುಸಿರು ಬಿಟ್ಟೆವು.

ತೊಟ್ಟಿಲಿಗೆ ಹಾಕುವ ದಿನ ಬೆಳಗ್ಗೆ ಶಾಂತಾ ಕೂಸಿನ ತಲೆಗೆ ಕುಂಚಿಗೆ, ಕೈಗೆ ಬಳೆ ತೆಗೆದುಕೊಂಡು ಬಂದಳು. ಪಡಸಾಲೆಯಲ್ಲಿ ಅವ್ವ ಗುಗ್ಗರಿಗೆ ನೆನೆಹಾಕಿದ ಕಡಲೆ ಆರಿಸುತ್ತ ಕೂತಿದ್ದಳು. ನಾವೆಲ್ಲ ಸುತ್ತ ಕೂತು ಶರಣಪ್ಪ ಶರಣಪ್ಪ ಎಂದು ಕೂಸನ್ನು ಆಡಿಸುತ್ತಿದ್ದೆವು. ಅವ್ವ ಕೈಲಿದ್ದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದಳು.

‘ನನ್ನ ಯಾರೂ ಒಂದ ಮಾತ ಕೇಳಲಿಲ್ಲಲ್ಲ?’ ಎಂದಳು.

ಶಾಂತಾ, ‘ಅಪ್ಪನ ಹೆಸರು ನಿನಗ ಬ್ಯಾಡೇನಬೇ?’ ಎಂದಳು.

‘ಬ್ಯಾಡ. ಒಂದ ಕೂಸಿನ ಹೆಸರು ಹುಟ್ಟೂದ್ರಾಗs ನನ್ನ ಬಾಯಿಂದ ಕಸಗೊಂಡ್ರು. ಇನ್ನೂ ಒಂದನ್ನ ಕಸಗೋಬ್ಯಾಡ್ರಿ. ಇನ್ನ ಎಷ್ಟ ದಿನ ಇರ್ತೀನಿ ನಾನು? ಈ ಕೂಸನ್ನರೆ ಹೆಸರ್ಹಿಡದು ಕರದ ಹೋಗ್ತೀನಿ.’

ಇಷ್ಟು ವರ್ಷ ಹೆಸರಿನ ಹಸಿವು ನನ್ನೊಬ್ಬನದೇ ಎಂದು ತಿಳಿದು ಮೆರೆದಾಡಿದ್ದೆ. ಉಣ್ಣುವವನ ಹಸಿವು ಎಲ್ಲರಿಗೂ ಕಾಣುತ್ತದೆ, ಬಡಿಸುವವಳಿಗೂ ಹಸಿವಿದೆ ಎಂದು ಯಾರು ಕೇಳುತ್ತಾರೆ? ಅಶ್ವಿನಿಯನ್ನು ನೋಡಿ ಅವ್ವ ಯಾಕೆ ನಗುತ್ತಿದ್ದಳೆಂದು ಆಗ ತಿಳಿಯಿತು.

‘ಮತ್ತ ಏನ ಇಡೂನು, ನೀನs ಹೇಳು’ ಎಂದೆ.

ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಹೊಸ ಮದುಮಗಳ ಹಾಗೆ ಕೆಂಪಾದಳು. ‘ಚಂದ್ರಕಾಂತ’ ಎಂದಳು.

ಪ್ರವೀಣ ಹೆಂಡತಿಯ ಮುಖ ನೋಡಿದ. ಶಾಂತಾ ನನ್ನ ಮುಖ ನೋಡಿದಳು. ನಮ್ಮ ಬಳಗದಲ್ಲಿ ಚಂದ್ರನೂ ಇಲ್ಲ, ಕಾಂತನೂ ಇಲ್ಲ. ‘ಯಾರ ಹೆಸರವ್ವಾ ಇದು?’ ಎಂದೆ.

‘ನಿಂದು’ ಎಂದಳು.

ಆಮೇಲೆ ಕಡಲೆಯ ಬುಟ್ಟಿಯನ್ನು ತಿರುಗಿ ಎಳೆದುಕೊಂಡು, ಅದರೊಳಗೆ ನೋಡುತ್ತಲೇ ಹೇಳಿದಳು. ‘ನಮ್ಮೂರಿಗೆ ಒಬ್ರು ಸಾಲಿ ಮಾಸ್ತರು ಬಂದಿದ್ರು. ಅವರ ಮಗನ ಹೆಸರು. ಸಂಜಿ ಆತಂದ್ರ ಅವರವ್ವ ಬಾಗಲದಾಗ ನಿಂತು ಚಂದ್ರಕಾಂತಾ ಅಂತ ಕರೀತಿದ್ರು. ಭಾಳ ಛಲೋ ಕೇಳಸ್ತಿತ್ತು. ನನಗೂ ಒಬ್ಬ ಮಗ ಹುಟ್ಟಿದ್ರ ಹಂಗs ಬಾಗಲದಾಗ ನಿಂತು ಕರೀಬೇಕು ಅಂತ ಆಸಿ. ನೀ ತವರಮನ್ಯಾಗ ಹುಟ್ಟಿದಿ. ನಿಮ್ಮಪ್ಪನ ಮನಿಯವರು ಬಂದು ಹೆಸರಿಡೂತನಕ ಹಂಗs ಕರದೆ. ಆಮ್ಯಾಲ ಬಿಟ್ಟೆ.’

‘ಮನ್ಯಾಗರೆ ಕರೀಬೇಕಿಲ್ಲಬೇ, ಯಾರ ಬ್ಯಾಡಂತಿದ್ರು?’

‘ನಿಮ್ಮಜ್ಜಿ ಇದ್ರಲ್ಲ. ಅಡ್ಡಹೆಸರ ಕರದ್ರ ಹಿರ್‍ಯಾರ ಹೆಸರ ಮುಳುಗತೈತಿ ಅಂತಿದ್ರು. ಅವರು ಹೋಗೂದ್ರಾಗ ನೀ ಮೀಸಿ ಬಂದಾವ ಆಗಿದ್ದಿ. ಆದ್ರ ಮನಸಿನ್ಯಾಗ ಬಿಟ್ಟಿಲ್ಲಪಾ. ನೀ ಅಂಗಡಿಗೆ ಹೋಗೂಮುಂದ, ಬರೂಮುಂದ, ಉಣ್ಣಾಕ ಕುಂತಾಗ, ಎಲ್ಲಾ ಹೊತ್ತಿನ್ಯಾಗೂ ಕರದೀನಿ.’

ನಾನು ಎದ್ದು ಬಾಗಿಲ ತನಕ ಹೋಗಿ ಸುಮ್ಮನೆ ತಿರುಗಿ ಬಂದೆ. ಗಂಡಸರಿಗೆ ಅಳು ಬಂದಾಗ ಬೇರೇನು ಮಾಡಲು ಬರುತ್ತದೆ? ಮೊದಲು ಮಾತಾಡಿದವಳು ಅಶ್ವಿನಿ. ‘ಅಜ್ಜೀ, ಚಂದ್ರಕಾಂತನs ಇಡೂನ್ರಿ’ ಎಂದಳು. ರಿಯಾಂಶ್ ಎಂದು ಪ್ರವೀಣ ಬಾಯಿ ತೆರೆದ, ಅವಳು ನೋಡಿದ ನೋಟಕ್ಕೆ ಮುಚ್ಚಿದ. ಶಾಂತಾಳದು ಸ್ವಲ್ಪ ಹೊತ್ತು ಮುನಿಸು. ‘ಹಂಗಾರ ಅಪ್ಪನ ಹೆಸರು ಮುಳುಗಿಹೋತು’ ಎಂದು ಮೂಗು ಒರೆಸಿಕೊಂಡಳು. ಅವ್ವ ಅವಳ ತಲೆಯ ಮೇಲೆ ಕೈಯಾಡಿಸಿ, ‘ಕರದ ಹೆಸರು ಸವೀತೈತಿ ತಂಗಿ, ಕರೀಲಾರದ್ದು ಹಂಗs ಇರತೈತಿ. ನಿಮ್ಮಪ್ಪಂದು ನನ್ನ ಹತ್ರ ಜ್ವಾಕಿ ಐತಿ’ ಎಂದಳು. ಶಾಂತಾ ಅಳುತ್ತಲೇ ನಕ್ಕಳು.

ಸಂಜೆ ಓಣಿಯ ಹೆಣ್ಣುಮಕ್ಕಳೆಲ್ಲ ನೆರೆದರು. ಶಾಂತಾ ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಿದಳು. ಹೇಳಿದ್ದೇ ತಡ, ವಾಡಿಕೆಯಂತೆ ಹೆಂಗಸರು ಅವಳ ಬೆನ್ನಿಗೆ ಗುದ್ದತೊಡಗಿದರು. ಹಿಂದೆ ನನ್ನ ಹೆಸರನ್ನು ಎಳೆದೆಳೆದು ಕೂಗಿ ಕಾಡಿದ್ದಕ್ಕೆ ಇದೂ ಸೇರಲಿ ಎಂದು ನಾನು ಮನಸ್ಸಿನಲ್ಲೇ ಎರಡು ಗುದ್ದು ಜಾಸ್ತಿ ಹಾಕಿದೆ. ಗದ್ದಲ ಅಡಗಿದ ಮೇಲೆ ಅವ್ವನನ್ನು ಮುಂದೆ ಬಿಟ್ಟರು. ಅವಳು ತೊಟ್ಟಿಲ ಹಗ್ಗ ಹಿಡಿದು ನಿಂತಳು. ಗಂಟಲು ಸರಿಮಾಡಿಕೊಂಡಳು. ಪಿಸುಮಾತಿನಲ್ಲಲ್ಲ, ಓಣಿಯ ಆ ತುದಿಗೆ ಮುಟ್ಟುವ ಹಾಗೆ ಕರೆದಳು.

‘ಚಂದ್ರಕಾಂತಾ...!’

ಕೂಸು ಮುಷ್ಟಿ ಬಿಗಿದು ಗಾಢ ನಿದ್ದೆಯಲ್ಲಿತ್ತು. ಹೆಂಗಸರ ಹಿಂದೆ ಗುಗ್ಗರಿಯ ಪರಾತ ಹಿಡಿದು ನಿಂತಿದ್ದ ನನ್ನ ಬಾಯಿಂದ, ನನಗೇ ಗೊತ್ತಿಲ್ಲದೆ, ‘ಓ...’ ಎಂದು ಬಂದುಬಿಟ್ಟಿತು. ಎಲ್ಲರೂ ಗೊಳ್ಳೆಂದು ನಕ್ಕರು. ಅವ್ವ ಮಾತ್ರ ನಗಲಿಲ್ಲ. ಹಗ್ಗ ಬಿಡದೆ ತಿರುಗಿ ನೋಡಿದಳು.

‘ಎಷ್ಟ ಹೊತ್ತಾತು ಕರಿಯಾಕತ್ತು,’ ಎಂದಳು, ‘ಈಗ ಕೇಳಿಸಿತೇನು?’